ಚದುರಂಗದಲ್ಲಿ ಪದಾತಿಯ ಸ್ಥಾನ

ಚತುರಂಗಕ್ರೀಡೆಯನ್ನು ಕುರಿತು ನಮ್ಮ ವಿದ್ವಾಂಸರು ನಡೆಸಿರುವ ಚರ್ಚೆಯು ಬಹುಮಟ್ಟಿಗೆ ಎರಡು ವಿಷಯಗಳನ್ನೇ ಸುತ್ತಿಕೊಂಡಿರುವುದು. ಆಟವು ಎಲ್ಲಿ ಹುಟ್ಟಿತು ಎಂಬುದೊಂದು; ಕುದುರೆಯು ಅರುವತ್ತುನಾಲ್ಕು ಮನೆಗಳನ್ನೂ ಒಮ್ಮೊಮ್ಮೆಯೇ ಮೆಟ್ಟಿ ಬರುವ ಬಗೆ ಯಾವುದು ಎಂಬುದು ಇನ್ನೊಂದು. ಹಾಸಿನ ಮೇಲಣ ಕಾಯಿಗಳಲ್ಲಿ ಸರಿಯಾಗಿ ಅರ್ಧಭಾಗವಾಗಿರುವ ಪದಾತಿಯ ವಿಷಯದಲ್ಲಿ ಯಾರೂ ಹೆಚ್ಚಾಗಿ ಲೇಖನಿಯನ್ನು ಎತ್ತಿಲ್ಲ. ಪದಾತಿಯು ಕೇವಲ ಬಲಿಗಾಯಿಯೆಂದೂ, ಅದನ್ನು ನಡೆಸುವ ಶಾಸ್ತ್ರವನ್ನು ಯೂರೋಪಿಯನರೇ ಮೊದಲು ಕಂಡುಹಿಡಿದರೆಂದೂ, ನಮ್ಮವರ ಆಟದಲ್ಲಿ ಪದಾತಿಗೆ ಒಂದೇ ಹೆಜ್ಜೆಯ ನಡೆಯಿದ್ದುದರಿಂದ ಆ ಆಟವು ಮಂದವೂ ಅಪಕ್ವವೂ ಆಗಿದ್ದಿತೆಂದೂ ಹೇಳುವವರುಂಟು. ಈ ಮೂರು ಮಾತುಗಳಲ್ಲಿ ಯಾವುದೂ ಪರೀಕ್ಷೆಗೆ ನಿಲ್ಲುವಂತೆ ತೋರುವುದಿಲ್ಲ. ಇದನ್ನು ತೋರಿಸುವುದಕ್ಕಾಗಿಯೇ ಈ ಲೇಖನವು.

ಮೊದಲು ಹೆಸರಿನ ವಿಚಾರ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ, ಲೋಂಡಾ ಮತ್ತು ಖಾನಾಪುರಗಳ ನಡುವೆ ರೈಲುಮಾರ್ಗದ ಮೇಲಿರುವ ಗುಂಜಿ ಎಂಬ ಗ್ರಾಮವು ಭಾಷಾದೃಷ್ಟಿಯಿಂದ ಕುತೂಹಲಕರವಾದ ಎಡೆ. ಕನ್ನಡ, ಮರಾಠಿ, ಕೊಂಕಣಿ ಮೂರೂ ಕೂಡುವ ಈ ಸೀಮೆಯಲ್ಲಿ ಒಂದೇ ಹಾಸಿಗೆ ಒಬ್ಬನು ಚದುರಂಗವೆಂದರೆ ಮತ್ತೊಬ್ಬನು ಬುದ್ಧಿಬಳವೆನ್ನುವನು, ಒಬ್ಬನ ಆನೆ ಇನ್ನೊಬ್ಬನ ಹತ್ತಿ, ಮಂತ್ರಿಯು ವಜೀರನಾಗುವನು, ಒಂಟೆಯು ಊಂಟವಾಗುವುದು. ಪದಾತಿಯ ಸರದಿ ಬಂದಾಗ ಮಾತ್ರ ಇಬ್ಬರೂ ಒಂದೇ ಮಾತಿಗೆ ಬರುವರು. ಮರಾಠಿಗನ ಪ್ಯಾದೆ, ನಮ್ಮವರ ಪೇದೆ. ಇದು ಪಾರಸೀಕದ ಪಿಯಾದಾ ಎಂಬುದರ ರೂಪವೆಂಬುದು ಸುವಿದಿತ. ಆ ಶಬ್ದವು ಕಾಲಿನ ವಾಚಕದಿಂದ ಹುಟ್ಟಿದುದು. ನಮ್ಮ ಪದಾತಿ, ಪತ್ತಿ, ಪದಗ, ಪದಿಕ ಎಂಬುವೂ ಅದೇ ಮೂಲದ ದಾಯಾದಿಗಳು. ಲ್ಯಾಟಿನ್ ಭಾಷೆಯ ಕಾಲುವಾಚಕದಿಂದಲೇ ಇಂಗ್ಲಿಷರ ಪಾನ್, ಫ್ರೆಂಚರ ಪಿಯೋಂ, ಪೋರ್ಚುಗೀಸರ ಪಿಯಾಂವ್ ಎಂಬ ಮಾತುಗಳು ಬಂದಿವೆ. ಈ ಕೊನೆಯದು ಗೋವೆಯ ಕಡಲತೀರದಿಂದ ಒಳಸರಿದು, ಇಂಗ್ಲಿಷರ ಬಾಯಲ್ಲಿ ತಿರುಗಿ, ನಮ್ಮ ಕಚೇರಿಗಳಲ್ಲಿ ಪ್ಯೂನನಾಗಿ ನಿಂತಿದೆ. ಹೀಗೆ ಪೊಲೀಸ್ ಠಾಣೆಯ ಪೇದೆಯೂ ಕಚೇರಿಯ ಪ್ಯೂನನೂ ಚದುರಂಗದ ಪದಾತಿಯೂ ಒಂದೇ ಮನೆಯ ಅಣ್ಣತಮ್ಮಂದಿರು. ಅಚ್ಚಗನ್ನಡದ ಕಾಲಾಳ್ ಎಂಬ ಮಾತು ಬೇರೆ ಕುಲದ್ದಾದರೂ ಕಟ್ಟಿರುವ ರೀತಿಯಲ್ಲಿ ಇವುಗಳಿಗೆ ಸಮಾನವಾಗಿದೆ. ಜರ್ಮನರು ಮಾತ್ರ ಇದನ್ನು ಒಕ್ಕಲಿಗನೆಂದು ಕರೆದರು. ಅದರಲ್ಲಿಯೂ ಅರ್ಥವಿಲ್ಲದಿಲ್ಲ.

ಇನ್ನು ಸಂಖ್ಯೆಯ ವಿಚಾರಕ್ಕೆ ಬರೋಣ. ಅಮರಸಿಂಹನ ಕೋಶದ ಪ್ರಕಾರ ಸೇನೆಯ ಅತ್ಯಂತ ಚಿಕ್ಕ ಘಟಕಕ್ಕೆ ಪತ್ತಿಯೆಂದು ಹೆಸರು. ಅದರಲ್ಲಿ ಆನೆ ೧, ರಥ ೧, ಕುದುರೆ ೩, ಕಾಲಾಳು ೫. ಒಟ್ಟು ೧೦ರಲ್ಲಿ ಕಾಲಾಳುಗಳು ೫. ಈ ಪತ್ತಿಯನ್ನು ಏಳಾವರ್ತಿ ಮೂರರಿಂದಲೂ ಕೊನೆಗೊಮ್ಮೆ ಹತ್ತರಿಂದಲೂ ಗುಣಿಸಿದರೆ ಅಕ್ಷೌಹಿಣಿಯಾಗುವುದು. ಅದರಲ್ಲಿ ಆನೆ ೨೧,೮೭೦, ರಥ ೨೧,೮೭೦, ಕುದುರೆ ೬೫,೬೧೦, ಕಾಲಾಳು ೧,೦೯,೩೫೦. ಮೊತ್ತವು ೨,೧೮,೭೦೦, ಕಾಲಾಳು ಅದರಲ್ಲಿ ಸರಿಯಾಗಿ ಅರ್ಧ. ಈಗ ಹಾಸನ್ನು ನೋಡಿರಿ. ಇಬ್ಬರ ಆಟದಲ್ಲಿ ಒಬ್ಬೊಬ್ಬನಿಗೆ ೧೬ ಕಾಯಿ, ಪದಾತಿಗಳು ೮. ನಾಲ್ವರ ಆಟದಲ್ಲಿ ಒಬ್ಬೊಬ್ಬನಿಗೆ ೮ ಕಾಯಿ, ಪದಾತಿಗಳು ೪. ಆನೆ, ಕುದುರೆ, ರಥಗಳ ಪರಸ್ಪರ ಪ್ರಮಾಣವನ್ನು ಆಟವು ಇಟ್ಟುಕೊಳ್ಳಲಿಲ್ಲ. ಮೂರಕ್ಕೂ ಎರಡೆರಡೇ ಸ್ಥಾನಗಳನ್ನು ಕೊಟ್ಟಿತು. ಕಾಲಾಳಿನ ಅರ್ಧಾಂಶವನ್ನು ಮಾತ್ರ ಅದು ಬಿಡಲಿಲ್ಲ. ಇದು ಹಾಸಿನ ಅಗಲ ಎಂಟು ಮನೆಗಳಾದುದರಿಂದ ತಾನಾಗಿ ಒದಗಿದ ಸಾಮ್ಯವೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ನಾಲ್ವರ ಆಟದಲ್ಲಿ ಸೇನೆಯು ಹಾಸಿನ ಒಂದು ಬದಿಯ ಅರ್ಧವನ್ನಷ್ಟೇ ಆಕ್ರಮಿಸಿದರೂ ಪ್ರಮಾಣವು ಕೆಡದಿರುವುದನ್ನು ನೋಡಿದರೆ, ಪ್ರತಿಯೊಂದು ದೊಡ್ಡ ಕಾಯಿಯ ಮುಂದೆಯೂ ಒಬ್ಬ ಕಾಲಾಳಿರಬೇಕೆಂಬ ಕಲ್ಪನೆಯೇ ಮೊದಲಿನದೆಂದು ನನಗೆ ತೋರುತ್ತದೆ. ಸೇನೆಯ ಮೊದಲ ಘಟಕಕ್ಕೆ ಕಾಲಾಳಿನ ಹೆಸರನ್ನೇ ಇಟ್ಟ ಜನರಿಗೆ ಈ ಕಲ್ಪನೆಯು ಸಹಜವಾದುದು.

ಬೆಲೆಯ ವಿಷಯವು ಇದಕ್ಕಿಂತ ಸ್ವಾರಸ್ಯವಾದುದು. ಕೌಟಿಲ್ಯನು ಅರ್ಥಶಾಸ್ತ್ರದ ಹತ್ತನೆಯ ಅಧಿಕರಣದಲ್ಲಿ ವ್ಯೂಹಗಳನ್ನು ಹೇಳುವಾಗ, ಒಂದು ಕುದುರೆಗೆ ಎದುರಾಳಿಗಳಾಗಿ ಮೂವರು ಕಾಲಾಳುಗಳನ್ನೂ, ಒಂದು ರಥಕ್ಕೆ ಅಥವಾ ಆನೆಗೆ ಹದಿನೈದು ಮಂದಿ ಕಾಲಾಳುಗಳನ್ನು ಇಲ್ಲವೆ ಐದು ಕುದುರೆಗಳನ್ನೂ ವಿಧಿಸಿರುವನು. ಇಂದಿನ ಆಟಗಾರರು ಕುದುರೆಗೆ ಮೂರು ಪದಾತಿಗಳ ಬೆಲೆಯೆಂದು ಎಣಿಸುವರಷ್ಟೆ. ಈ ಸಾಮ್ಯವನ್ನು ಕಂಡು ಹಿಗ್ಗುವ ಮುನ್ನ ಒಂದನ್ನು ಗಮನಿಸಬೇಕು: ಮೂಲೆಯ ಆನೆಗೆ ಇಂದು ಐದೇ ಪದಾತಿಗಳ ಬೆಲೆ, ಕೌಟಿಲ್ಯನ ಹದಿನೈದಕ್ಕೆ ಅದು ಹೊಂದದು. ಆದಕಾರಣ ಅರ್ಥಶಾಸ್ತ್ರದಿಂದಲೇ ಚದುರಂಗದ ಬೆಲೆಗಳು ಬಂದವೆಂದು ಸಾಧಿಸಹೊರಡುವುದು ದುಸ್ಸಾಹಸ. ಇದರಿಂದ ಸಿದ್ಧವಾಗುವುದು ಇಷ್ಟೇ: ಮಿಕ್ಕ ಅಂಗಗಳನ್ನು ಕಾಲಾಳಿನಿಂದ ಅಳೆಯುವ ಪದ್ಧತಿಯು ನಮ್ಮ ದಂಡನೀತಿಯಲ್ಲಿ ಹಳೆಯದು. ಸುಮಾರು ೧೦೩೦ರಲ್ಲಿ ಹಿಂದೂದೇಶದ ವಿಚಾರವನ್ನು ಬರೆದ ಅಲ್ಬೇರೂನಿಯು ದಾಳಗಳಿಂದ ಆಡುತ್ತಿದ್ದ ನಾಲ್ವರ ಆಟವನ್ನು ವರ್ಣಿಸುತ್ತ, ಪಣವನ್ನು ಹಂಚುವುದಕ್ಕಾಗಿ ರಾಜನಿಗೆ ೫, ಆನೆಗೆ ೪, ಕುದುರೆಗೆ ೩, ರಥಕ್ಕೆ ೨, ಪದಾತಿಗೆ ೧ ಎಂದು ಲೆಕ್ಕ ಕೊಟ್ಟಿರುವನು. ಅಕ್ಕಸಾಲಿಗನಿಗೆ ಗುಲಗಂಜಿ ಹೇಗೋ ಆಟಗಾರನಿಗೆ ಪದಾತಿ ಹಾಗೆ. (ಗುಂಜಿಯೆಂಬ ಊರಿನ ಹೆಸರಿಗೂ ಗುಂಜಾಬೀಜಕ್ಕೂ ಇದರ ನೆವದಿಂದ ನಂಟು ಬೆಳೆಸುವ ಉದ್ದೇಶ ನನಗಿಲ್ಲ, ಸ್ಥಳನಾಮಗಳಲ್ಲಿ ಅಂಥ ಚಪಲವು ಎಷ್ಟು ಅನರ್ಥಕಾರಿಯೆಂಬುದನ್ನು ವಾಚಕರು ಬಲ್ಲರು.)

ಕಾಲಾಳಿನ ಕೆಲಸವನ್ನು ಹೇಳುವಾಗಲೂ ಕೌಟಿಲ್ಯನು ಮಿತಭಾಷಿ. ಆನೆಗೂ ಕುದುರೆಗೂ ಉದ್ದವಾದ ಕರ್ಮಪಟ್ಟಿಗಳನ್ನು ಕೊಟ್ಟು, ಕಾಲಾಳಿಗೆ ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಆಯುಧವನ್ನು ಹೊರುವುದು ಮತ್ತು ಹೋರುವುದು ಎಂಬಿಷ್ಟನ್ನೇ ವಿಧಿಸಿರುವನು. ಕುದುರೆಗೆ ಕಲ್ಲುನೆಲ ಆಗದು, ರಥಕ್ಕೆ ಕೆಸರು ಆಗದು. ಕಾಲಾಳಿಗೆ ಆಗದ ನೆಲವಿಲ್ಲ. ಖಾನಾಪುರದ ಕಾಡುಗುಡ್ಡಗಳನ್ನು ನೋಡಿದವರಿಗೆ ಈ ಮಾತಿನ ಅರ್ಥವು ಬೇಗನೆ ತಿಳಿಯುವುದು. ಕಿತ್ತೂರಿನ ಶೇತಸನದಿಯಾಗಿದ್ದ ಸಂಗೊಳ್ಳಿ ರಾಯಣ್ಣನು ಸರ್ಕಾರದ ಸೈನ್ಯವನ್ನು ದಣಿಸಿದುದು ಇಂಥ ನೆಲದಲ್ಲಿಯೇ. ೧೮೩೧ರ ಜನವರಿ ೨೬ರಂದು ಅವನನ್ನು ಗಲ್ಲಿಗೇರಿಸಿದ ನಂದಗಡವೂ ಇದೇ ತಾಲ್ಲೂಕಿನಲ್ಲಿದೆ.

ಪ್ರಕೃತಕ್ಕೆ ಬರೋಣ. ಪದಾತಿಗೆ ಮಿಕ್ಕ ಯಾವ ಕಾಯಿಗೂ ಇಲ್ಲದ ಎರಡು ಲಕ್ಷಣಗಳುಂಟು. ಅದು ಹಿಂದಿರುಗದು, ಮತ್ತು ನೇರವಾಗಿ ನಡೆದು ಓರೆಯಾಗಿ ಹೊಡೆಯುವುದು. ಮೊದಲನೆಯ ಲಕ್ಷಣದಿಂದಲೇ ಅದಕ್ಕೆ ಕಾವ್ಯಲೋಕದಲ್ಲಿ ಎಡೆ ತಪ್ಪಿತು. ಒಂಬತ್ತನೆಯ ಶತಮಾನದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ತುರಗಪದ, ರಥಪದ, ಗಜಪದಗಳೆಂಬ ಚಿತ್ರಬಂಧಗಳನ್ನು ಹೇಳಿರುವನು; ಪದಾತಿಗೆ ಬಂಧವಿಲ್ಲ. ಇರುವುದಾದರೂ ಹೇಗೆ? ಮುಂದೆಯೇ ಹೋಗುವ ಕಾಯಿಯು ಶ್ಲೋಕದ ಮನೆಗಳನ್ನೆಲ್ಲ ಸುತ್ತಿಬರಲಾರದು. ವೇದಾಂತದೇಶಿಕರ ಪಾದುಕಾಸಹಸ್ರದ ಚಿತ್ರಪದ್ಧತಿಯಲ್ಲಿಯೂ ಕುದುರೆಗೇ ಮನ್ನಣೆ. ನಮ್ಮ ಕಲ್ಯಾಣದ ಚಾಲುಕ್ಯ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚತುರಂಗವೂ ಅರಸರ ವಿನೋದಗಳಲ್ಲಿ ಒಂದಾಗಿ ನಿರೂಪಿತವಾಗಿದ್ದು, ಅಲ್ಲಿಯೂ ಕುದುರೆಯ ಸಂಚಾರಕ್ಕೆ ಪ್ರತ್ಯೇಕವಾದ ಸ್ಥಾನವುಂಟು. ಈ ಗ್ರಂಥಕ್ಕೂ ಗುಂಜಿಯ ಸೀಮೆಗೂ ದೂರದ ಸಂಬಂಧವಿಲ್ಲ. ಇಂದು ಖಾನಾಪುರ ತಾಲ್ಲೂಕಿಗೆ ಸೇರಿದ ಹಲಸಿಯು ಅಂದು ಹಲಸಿಗೆ ಹನ್ನೆರಡು ಸಾಸಿರದ ಮುಖ್ಯಸ್ಥಳ. ಅದನ್ನಾಳುತ್ತಿದ್ದ ಗೋವೆಯ ಕದಂಬ ಎರಡನೆಯ ಜಯಕೇಶಿಯು ಆರನೆಯ ವಿಕ್ರಮಾದಿತ್ಯನ ಮಗಳಾದ ಮೈಲಳದೇವಿಯನ್ನು ವರಿಸಿದವನು, ಎಂದರೆ ಸೋಮೇಶ್ವರನಿಗೆ ಭಾವಮೈದುನ. ಚಾಲುಕ್ಯರ ಅರಮನೆಯ ವಿನೋದಗಳು ಹಲಸಿಗೆಯ ಅರಮನೆಗೆ ಅಪರಿಚಿತವಾಗಿದ್ದಿರಲಾರವು ಎಂದು ಊಹಿಸಬಹುದು. ಊಹೆಗಿಂತ ಮುಂದೆ ಹೋಗಲು ಆಧಾರವಿಲ್ಲ. ಏಳು ಶತಮಾನಗಳ ಬಳಿಕ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮), ೧೮೩೧ರಲ್ಲಿ ರಾಜ್ಯಭಾರವು ಕೈಬಿಟ್ಟ ಮೇಲೆ, ವಿದ್ಯೆ ವಿನೋದಗಳಲ್ಲಿ ಹೆಚ್ಚಾಗಿ ಮನಸ್ಸಿಟ್ಟು, ಕುದುರೆಯ ನಡೆಯನ್ನೂ ಅಂಕಯಂತ್ರಗಳನ್ನೂ ಬೆರಸಿ ಅದ್ಭುತವಾದ ಪಟಗಳನ್ನು ರಚಿಸಿದರು. ಶ್ರೀತತ್ತ್ವನಿಧಿಯ ಕೌತುಕನಿಧಿಯು ಆಟಗಳಿಗೇ ಮೀಸಲು. ಇಷ್ಟೊಂದು ರಾಜಾಶ್ರಯವು ಕುದುರೆಗೆ ದೊರೆಯಿತು. ಪದಾತಿಗೆ ದೊರೆತುದು ಬೇರೆ ಬಗೆಯ ಮರ್ಯಾದೆ. ಅದನ್ನು ಕಾವ್ಯದಲ್ಲಿ ಹುಡುಕದೆ ನಿಯಮಗಳಲ್ಲಿ ಹುಡುಕಬೇಕು.

ವಂಗದೇಶದ ರಘುನಂದನನು ಹದಿನಾರನೆಯ ಶತಮಾನದಲ್ಲಿ ತಿಥಿತತ್ತ್ವವೆಂಬ ಧರ್ಮಶಾಸ್ತ್ರಗ್ರಂಥದಲ್ಲಿ, ವ್ಯಾಸ ಯುಧಿಷ್ಠಿರರ ಸಂವಾದರೂಪವಾದ ಚತುರಂಗಪ್ರಕರಣವೊಂದನ್ನು ಉದ್ಧರಿಸಿರುವನು. ಅಲ್ಲಿ ಪದಾತಿಗೆ ವಟಿಯೆಂದೂ ವಟಿಕೆಯೆಂದೂ ಹೆಸರು. ರಥದ ಸ್ಥಾನದಲ್ಲಿ ನೌಕೆಯು ಬಂದಿರುವುದು ಆ ನದೀದೇಶಕ್ಕೆ ತಕ್ಕುದಾಗಿದೆ. ವಟಿಕೆಯು ಎದುರು ಅಂಚನ್ನು ಮುಟ್ಟಿದಾಗ ಆ ಮನೆಗೆ ಸಹಜವಾದ ಕಾಯಿಯ ಪದವಿಯನ್ನು ಹೊಂದುವುದು. ಇದಕ್ಕೆ ಷಟ್ಪದವೆಂದು ಸಂಜ್ಞೆ. ಈ ಸಂಜ್ಞೆಯನ್ನು ನಾನು ಆರು ಹೆಜ್ಜೆಯೆಂದೇ ಅರ್ಥಮಾಡುವೆನು. ಎರಡನೆಯ ಸಾಲಿನಿಂದ ಹೊರಟ ಕಾಲಾಳು ಎಂಟನೆಯ ಸಾಲನ್ನು ಸೇರಲು ಬೇಕಾದ ಹೆಜ್ಜೆಗಳು ಆರೇ ಅಲ್ಲವೇ? ಮೊದಲ ನಡೆಯಲ್ಲಿ ಎರಡು ಮನೆ ದಾಟಬಹುದೆಂಬ ಯೂರೋಪಿನ ನಿಯಮವನ್ನು ಒಪ್ಪಿದೊಡನೆ ಐದು ನಡೆಗಳು ಸಾಕಾಗಿ ಈ ಹೆಸರಿಗೆ ಅರ್ಥವಿಲ್ಲದಾಗುವುದು. ಇನ್ನೂ ಸೂಕ್ಷ್ಮವಾದ ನಿಯಮಗಳೂ ಅಲ್ಲುಂಟು. ಒಬ್ಬನಲ್ಲಿ ಮೂರು ವಟಿಕೆಗಳು ಉಳಿದಿರುವಾಗ ಷಟ್ಪದವು ಸಲ್ಲದು. ನೌಕೆ ಮತ್ತು ಒಂದೇ ವಟಿಕೆ ಉಳಿದವನ ವಟಿಕೆಗೆ ಗಾಢವೆಂದು ಹೆಸರು. ಅದಕ್ಕೆ ಯಾವ ಮನೆಯೂ ನಿಷಿದ್ಧವಲ್ಲ. ಬಲವು ಕುಗ್ಗಿದಷ್ಟೂ ಉಳಿದ ಕಾಲಾಳಿನ ಅಧಿಕಾರವು ಹೆಚ್ಚುವಂತೆ ಮಾಡಿದ ಈ ವ್ಯವಸ್ಥೆಯನ್ನು ಅಪಕ್ವವೆನ್ನುವುದು ಹೇಗೆ?

ಇಬ್ಬರಾಡುವ ಆಟದಲ್ಲಿಯೂ ದೇಶೀಯ ಪದ್ಧತಿಗಳು ಈ ತತ್ತ್ವವನ್ನೇ ಅನುಸರಿಸಿದವು. ಸೀಮೆಯಿಂದ ಸೀಮೆಗೆ ಭೇದಗಳಿದ್ದರೂ ಸಾಮಾನ್ಯ ಕ್ರಮವಿದು: ಆನೆಯ ಸಾಲಿನಲ್ಲಿ ಹೋದ ಪದಾತಿಯು ಆನೆಯಾಗುವುದು, ಕುದುರೆಯ ಸಾಲಿನಲ್ಲಿ ಹೋದುದು ಕುದುರೆ, ಒಂಟೆಯ ಸಾಲಿನಲ್ಲಿ ಹೋದುದು ಒಂಟೆ, ನಡುವಣ ಎರಡು ಸಾಲುಗಳಲ್ಲಿ ಹೋದುದು ಮಂತ್ರಿ. ಆ ಜಾತಿಯ ಕಾಯಿಯು ಇನ್ನೂ ಸತ್ತಿಲ್ಲವಾದರೆ ಕೆಲವೆಡೆ ಪದಾತಿಯು ಏಳನೆಯ ಸಾಲಿನಲ್ಲಿಯೇ ಕಾದಿರಬೇಕು. ಇದರ ಪರಿಣಾಮವನ್ನು ಆಲೋಚಿಸಿರಿ. ಈಗಿನ ನಿಯಮದಲ್ಲಿ ಯಾವ ಪದಾತಿಯು ಕೊನೆಯನ್ನು ಮುಟ್ಟಿದರೂ ಮಂತ್ರಿಯಾಗಬಹುದಾದ್ದರಿಂದ ಎಂಟಕ್ಕೂ ಒಂದೇ ಗುರಿ. ದೇಶೀಯ ಆಟದಲ್ಲಿ ಎಂಟು ಪದಾತಿಗಳಿಗೂ ಹುಟ್ಟಿನಿಂದಲೇ ಬೇರೆ ಬೇರೆ ಭವಿಷ್ಯ. ಪಕ್ಕದ ಸಾಲಿಗೆ ಹೋಗಬೇಕಾದರೆ ಶತ್ರುವೊಬ್ಬನನ್ನು ಓರೆಯಾಗಿ ಹೊಡೆಯಬೇಕು. ಆದುದರಿಂದ ಯಾವ ಪದಾತಿಯಿಂದ ಹೊಡೆಯಬೇಕೆಂಬ ಪ್ರತಿಯೊಂದು ಪ್ರಶ್ನೆಯಲ್ಲಿಯೂ ಮುಂದೆ ಇಪ್ಪತ್ತು ನಡೆಗಳಾಚೆಯ ಪದವಿಯ ಲೆಕ್ಕವು ಅಡಗಿರುತ್ತಿತ್ತು. ಈ ಸೊಗಸು ಹೊಸ ಆಟದಲ್ಲಿ ಇಲ್ಲವಾಯಿತೆಂದು ಹೇಳಲೇಬೇಕು.

ಇದಲ್ಲದೆ, ಗೆಲವುಗಳಲ್ಲಿಯೂ ತರತಮವಿದ್ದಿತು. ಮಂತ್ರಿಯಿಂದ ಮಾತ್ ಮಾಡುವುದು ಸಾಮಾನ್ಯ. ಪದಾತಿಯಿಂದ ಮಾತ್ ಮಾಡುವುದು, ಎಂದರೆ ಪ್ಯಾದಮಾತ್, ಗೆದ್ದವನಿಗೆ ವಿಶೇಷ ಕೀರ್ತಿಕರ. ತಿರುವೇಂಗಡಾಚಾರ್ಯ ಶಾಸ್ತ್ರಿಗಳ ವಿಲಾಸಮಣಿಮಂಜರಿಯೆಂಬ ಸಂಸ್ಕೃತಗ್ರಂಥವು ಇಂಗ್ಲಿಷಿಗೆ ಪರಿವರ್ತಿತವಾಗಿ ೧೮೧೪ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು. ಅದು ಯೂರೋಪಿನ ಆಟದ ಕ್ರಮಕ್ಕೆ ಹೊಂದಿಸಿದ ಪುಸ್ತಕವಾದರೂ, ಇಂತಿಷ್ಟು ನಡೆಗಳಲ್ಲಿ ಪದಾತಿಯಿಂದಲೇ ಮಾತ್ ಮಾಡಬೇಕೆಂಬ ಬಗೆಯ ಸಮಸ್ಯೆಗಳಲ್ಲಿ ನಮ್ಮವರ ರುಚಿಯು ಎದ್ದು ಕಾಣುವುದು. ಸಮಸ್ಯಾಪೂರಣದಲ್ಲಿ ಪಳಗಿದ ಶಾಸ್ತ್ರಿಗಳಿಗೆ ಇಂಥ ಕಟ್ಟುಪಾಡು ಪ್ರಿಯವಾಗಿದ್ದರೆ ಆಶ್ಚರ್ಯವೇನು!

ಇನ್ನು ಯೂರೋಪಿನ ಶೋಧದ ವಿಚಾರ. ೧೭೪೯ರಲ್ಲಿ ಫಿಲಿದೋರ್ ಎಂಬ ಫ್ರೆಂಚ್ ಸಂಗೀತಗಾರನು ತನ್ನ ಚದುರಂಗವಿಮರ್ಶೆಯಲ್ಲಿ ಪದಾತಿಗಳೇ ಈ ಆಟದ ಪ್ರಾಣವೆಂಬ ಸಿದ್ಧಾಂತವನ್ನು ಮಂಡಿಸಿದನು. ಅವನ ಉಪದೇಶದ ತಿರುಳು ಹೀಗೆ: ಪದಾತಿಗಳು ಜೊತೆಜೊತೆಯಾಗಿ ಸಾಗಬೇಕು, ದೊಡ್ಡ ಕಾಯಿಗಳು ಅವುಗಳ ಬೆನ್ನಹಿಂದೆ ನಿಂತು ಬಲ ಕೊಡಬೇಕು, ಒಂಟೆಯ ಮುಂದಣ ಪದಾತಿಯು ನಡೆಯುವ ಮೊದಲೇ ಕುದುರೆಯನ್ನು ಅದಕ್ಕೆ ಅಡ್ಡವಾಗಿ ನಿಲ್ಲಿಸಬಾರದು. ಒಂದು ಪದಾತಿಯ ಓರೆಹಿಂದೆ ಇನ್ನೊಂದಿದ್ದರೆ ಮುಂದಿನದನ್ನು ಹೊಡೆದ ಶತ್ರುವು ತಾನೂ ಸಾಯುವನು. ಹೀಗೆ ಸರಪಣಿಯಾದ ಪದಾತಿಗಳ ಬುಡವನ್ನೇ ಕಡಿಯಬೇಕಲ್ಲದೆ ತುದಿಯನ್ನಲ್ಲ. ಅಕ್ಕಪಕ್ಕದ ಸಾಲುಗಳಲ್ಲಿ ತನ್ನವರಿಲ್ಲದ ಒಂಟಿ ಪದಾತಿಯನ್ನು ಕಾಯಲು ದೊಡ್ಡ ಕಾಯಿಯೊಂದು ಸೆರೆಯಾಗುವುದು. ಒಂದೇ ಸಾಲಿನಲ್ಲಿ ಹಿಂದುಮುಂದಾಗಿ ನಿಂತ ಎರಡು ಪದಾತಿಗಳು ಒಂದರ ಕೆಲಸವನ್ನಷ್ಟೇ ಮಾಡುವುವು. ಎದುರಿಗೂ ಇಕ್ಕೆಲದ ಸಾಲುಗಳಲ್ಲಿಯೂ ಶತ್ರುಪದಾತಿಯಿಲ್ಲದಂತೆ ದಾಟಿದ ಪದಾತಿಯನ್ನು ತಡೆಯುವುದಕ್ಕೆ ಕುದುರೆಯೋ ಆನೆಯೋ ಕಾವಲು ನಿಲ್ಲಬೇಕು. ೧೯೨೫ರಲ್ಲಿ ನಿಮ್ಝೊವಿಚ್ ಎಂಬವನು ಈ ವಿಚಾರಗಳನ್ನು ಮತ್ತಷ್ಟು ಬೆಳೆಸಿದನು. ಇವೆಲ್ಲವೂ ಗೌರವಾರ್ಹವೇ. ಆದರೆ ಶಾಸ್ತ್ರವಾಗಿ ಬರೆದಿಟ್ಟವನು ಮೊದಲಿಗನೆಂಬುದರಿಂದ ಬಳಸಿದವನೂ ಅವನೇ ಮೊದಲಿಗನೆಂದು ಆಗದು. ಪಾಣಿನಿಗೆ ಮೊದಲೂ ಜನರು ಶುದ್ಧವಾಗಿ ಮಾತನಾಡುತ್ತಿದ್ದರಷ್ಟೆ.

ಒಂದೇ ಹೆಜ್ಜೆಯ ನಡೆಯು ದೋಷವೇ ಎಂಬ ಪ್ರಶ್ನೆಗೆ ಕಲ್ಕತ್ತೆಯ ಮಹೇಶಚಂದ್ರ ಬಂದ್ಯೋಪಾಧ್ಯಾಯನ ಆಟಗಳೇ ಉತ್ತರ. ದೇಶೀಯ ಪದ್ಧತಿಯಲ್ಲಿ ಆಡಿ ಬೆಳೆದ ಈ ಬ್ರಾಹ್ಮಣನು ೧೮೪೮ರ ಸುಮಾರಿನಲ್ಲಿ ಕಲ್ಕತ್ತೆಗೆ ಬಂದು, ಅಲ್ಲಿ ಪ್ರಖ್ಯಾತನಾಗಿದ್ದ ಜಾನ್ ಕಾಕ್ರೇನ್ ಎಂಬ ಆಂಗ್ಲ ಆಟಗಾರನೊಡನೆ ಹಲವು ವರ್ಷ ನೂರಾರು ಆಟಗಳನ್ನಾಡಿದನು. ಎದುರಾಳಿಯು ಎರಡೆರಡು ಮನೆಗಳ ನೆಗೆತದಿಂದ ಹಾಸಿನ ನಡುವನ್ನೆಲ್ಲ ತುಂಬಿಕೊಂಡರೆ, ಇವನು ಮಂತ್ರಿಯ ಪದಾತಿಯನ್ನೋ ರಾಜನ ಕಡೆಯ ಕುದುರೆಯ ಪದಾತಿಯನ್ನೋ ಒಂದೇ ಮನೆ ಸರಿಸಿ, ತೆರವಾದ ಸಂದಿನಲ್ಲಿ ಒಂಟೆಯನ್ನು ಕೂರಿಸಿ, ದೂರದಿಂದಲೇ ನಡುನೆಲದ ಮೇಲೆ ಕಣ್ಣಿಡುತ್ತಿದ್ದನು. ೧೮೫೫ರ ಮೇ ತಿಂಗಳ ಒಂದು ಆಟವು ಇದಕ್ಕೆ ಒಳ್ಳೆಯ ಉದಾಹರಣೆ. ಕಾಕ್ರೇನನು ಮಂತ್ರಿಯ ಪದಾತಿಯನ್ನೂ ಅದರ ಪಕ್ಕದ ಒಂಟೆಯ ಪದಾತಿಯನ್ನೂ ಎರಡೆರಡು ಮನೆ ನಡೆಸಿದನು. ಮಹೇಶಚಂದ್ರನು ಕುದುರೆಯನ್ನು ಹೊರಡಿಸಿ, ಆ ಕಡೆಯ ಕುದುರೆಪದಾತಿಯನ್ನು ಒಂದು ಮನೆ ಸರಿಸಿ, ಬಳಿಕ ಹೊಸ ನಿಯಮದ ಲಾಭವನ್ನೂ ಬಿಡದೆ ಮಂತ್ರಿಯ ಪದಾತಿಯನ್ನು ಎರಡು ಮನೆ ನಡೆಸಿ ಎದುರಿಟ್ಟನು. ಆ ಪದಾತಿಗಳು ಪರಸ್ಪರ ಕಡಿದುಹೋದ ಮೇಲೆ ಒಂಟೆಯ ಪದಾತಿಯಿಂದ ಶತ್ರುವಿನ ನಡುಪದಾತಿಯನ್ನು ತಿವಿದನು. ಕಾಕ್ರೇನನ ನಡುನೆಲವು ನೋಟಕ್ಕೆ ಭವ್ಯವಾಗಿದ್ದರೂ ಕಾಯುವುದಕ್ಕೆ ಭಾರವಾಯಿತು. ಆದರೂ ಕೊನೆಗೆ ಆಟವನ್ನು ಗೆದ್ದವನು ಕಾಕ್ರೇನನೇ. ಈ ಮೊದಲ ನಡೆಗಳ ಕ್ರಮವನ್ನೇ ೧೯೨೨ರಲ್ಲಿ ವಿಯೆನ್ನಾದ ಗ್ರುನ್‌ಫೆಲ್ಡನು ಪುನಃ ಬಳಕೆಗೆ ತಂದು ಅದು ಅವನ ಹೆಸರಿನಿಂದ ಪ್ರಸಿದ್ಧವಾಯಿತು. ಆ ಕುಲದ ಇತರ ರಕ್ಷಣಾಕ್ರಮಗಳಿಗೆ ಮಾತ್ರ ಇಂಡಿಯನ್ ಎಂಬ ವಿಶೇಷಣವು ಇಂದಿಗೂ ಉಳಿದಿದೆ. ಒಂದೇ ಹೆಜ್ಜೆಯಿಡುವ ಪದಾತಿಯು ಶತ್ರುವಿನ ಪದಾತಿಯೊಡನೆ ತಡವಾಗಿ ಸಂಧಿಸುವುದು. ಆ ತಡದಲ್ಲಿ ತನ್ನ ವ್ಯೂಹವನ್ನು ಬೇಕಾದಂತೆ ರಚಿಸಿಕೊಳ್ಳಲು ಎಡೆಯುಂಟು. ಇದನ್ನು ಮಂದತೆಯೆನ್ನದೆ ಕಾಲಜ್ಞಾನವೆನ್ನಬೇಕು.

ಇದಕ್ಕೆ ಪ್ರತಿಯಾದ ಸಾಕ್ಷ್ಯವೂ ಉಂಟೆಂಬುದನ್ನು ಮರೆಮಾಚಬಾರದು. ಪಂಜಾಬದ ಮೀರ್ ಸುಲ್ತಾನ್ ಖಾನನು ೧೯೨೯, ೧೯೩೨, ೧೯೩೩ನೆಯ ವರ್ಷಗಳಲ್ಲಿ ಬ್ರಿಟಿಷ್ ಚಾಂಪಿಯನ್ ಆದನು. ೧೯೩೦-೩೧ರ ಹೇಸ್ಟಿಂಗ್ಸ್ ಪಂದ್ಯದಲ್ಲಿ ಕಾಪಬ್ಲಾಂಕನನ್ನೇ ಸೋಲಿಸಿದನು. ಅವನ ಆಟದ ಆರಂಭಭಾಗವು ದುರ್ಬಲವೆಂದೂ ಅಂತ್ಯಭಾಗವು ಅತಿ ಪ್ರಬಲವೆಂದೂ ವಿಮರ್ಶಕರ ಮತ. ಎರಡಕ್ಕೂ ಕಾರಣ ಒಂದೇ ಎಂದು ನನ್ನ ಅಭಿಪ್ರಾಯ. ದೇಶೀಯ ಆಟದಲ್ಲಿ ಮೊದಲ ನಡೆಗಳಿಗೆ ಅವಸರವಿಲ್ಲ. ಪದಾತಿಗಳೇ ಉಳಿಯುವ ಕೊನೆಯಲ್ಲಿ ಒಂದೊಂದು ಹೆಜ್ಜೆಗೂ ಲೆಕ್ಕವುಂಟು. ಅವನಿಗೆ ಅಂತರರಾಷ್ಟ್ರೀಯ ಸಂಸ್ಥೆಯು ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಕೊಟ್ಟುದು ೨೦೨೪ರಲ್ಲಿ, ಅವನು ತೀರಿಕೊಂಡು ಐವತ್ತು ವರ್ಷಗಳಿಗೂ ಮಿಗಿಲಾದ ಮೇಲೆ.

ನಮ್ಮ ಗಡಿನಾಡಿನಲ್ಲಿ ಈ ಆಟದ ಬೀಡೆಂದರೆ ಸಾಂಗಲಿ. ಬೆಳಗಾವಿಗೆ ಅಂಟಿಕೊಂಡಿರುವ ಶಹಾಪುರವೂ, ತೇರದಾಳ, ಶಿರಹಟ್ಟಿಗಳೂ ೧೯೪೮ರವರೆಗೆ ಸಾಂಗಲಿಯ ಪಟವರ್ಧನ ಸಂಸ್ಥಾನಕ್ಕೇ ಸೇರಿದ್ದವು. ೧೯೪೧ರಲ್ಲಿ ಸಾಂಗಲಿಯಲ್ಲಿ ಸ್ಥಾಪಿತವಾದ ನೂತನ ಬುದ್ಧಿಬಳ ಮಂಡಳವು ಬಹುಕಾಲ ಈ ವಿದ್ಯೆಯನ್ನು ಪೋಷಿಸಿತು. ೧೯೫೫ರಲ್ಲಿ ಏಲೂರಿನಲ್ಲಿ ಮೊದಲ ರಾಷ್ಟ್ರೀಯ ಪಂದ್ಯವು ನಡೆಯುವ ಹೊತ್ತಿಗೆ ಅಂತರರಾಷ್ಟ್ರೀಯ ನಿಯಮಗಳೇ ಗೆದ್ದಿದ್ದವು. ಅದು ಅನಿವಾರ್ಯವೇ ಆಗಿದ್ದಿತು. ನಾಲ್ಕು ಊರುಗಳಲ್ಲಿ ನಾಲ್ಕು ನಿಯಮಗಳಿದ್ದರೆ ಪಂದ್ಯವು ನಡೆಯುವುದೆಂತು? ನಷ್ಟವಾದುದು ಆಟವಲ್ಲ, ಅದರ ದಾಖಲೆ. ದಿಲ್ಲಿ, ಕಲ್ಕತ್ತೆ, ಮುಂಬಯಿಗಳ ದೇಶೀಯ ಪದ್ಧತಿಗಳನ್ನು ಪಾಶ್ಚಾತ್ಯರಾದರೂ ಬರೆದಿಟ್ಟರು. ಹಲಸಿಗೆ ನಾಡಿನ ಪದ್ಧತಿಯನ್ನು ಬರೆದವರಿಲ್ಲ.

ಆದುದರಿಂದ ಖಾನಾಪುರ, ಬೆಳಗಾವಿ, ಸಂಪಗಾವಿಗಳ ಕಡೆಯ ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ತಮ್ಮ ಊರುಗಳಲ್ಲಿ ಹಳೆಯ ಕ್ರಮದಲ್ಲಿ ಆಡಿದ ವೃದ್ಧರು ಇದ್ದರೆ ಇಷ್ಟನ್ನು ಕೇಳಿ ಬರೆದುಕೊಳ್ಳಬೇಕು: ಪದಾತಿಗೆ ಮೊದಲ ನಡೆಯಲ್ಲಿ ಎಷ್ಟು ಮನೆ, ಎಂಟಕ್ಕೂ ಸಮಾನವೇ ಅಥವಾ ಆನೆ, ರಾಜ, ಮಂತ್ರಿಗಳ ಮುಂದಿನವಕ್ಕೆ ಮಾತ್ರ ವಿಶೇಷವೇ, ಕೊನೆಯ ಮನೆಯಲ್ಲಿ ಅದು ಏನಾಗುವುದು, ಕಾಯಬೇಕೆ, ಕುದುರೆಯಾದರೆ ಒಡನೆಯೇ ನೆಗೆಯಬಹುದೇ, ಪದಾತಿಯಿಂದಾದ ಮಾತಿಗೆ ಹೆಸರೇನು. ಉತ್ತರವನ್ನು ಅವರಾಡಿದ ಮಾತಿನಲ್ಲಿಯೇ, ಕನ್ನಡವಾಗಲಿ ಮರಾಠಿಯಾಗಲಿ ಕೊಂಕಣಿಯಾಗಲಿ, ತಿದ್ದದೆ ಬರೆದು, ಊರಿನ ಹೆಸರನ್ನೂ ಹೇಳಿದವರ ವಯಸ್ಸನ್ನೂ ಜೊತೆಗೆ ನಮೂದಿಸಿ ಪತ್ರಿಕೆಗೆ ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಅವನ್ನು ಹೋಲಿಸಿ ನೋಡಬಹುದು.